ಕರ್ಪೂರ ಆರಿಸಿದ ಕೈ

ನನ್ನ ಅಣ್ಣನಿಗೆ ನಕ್ಕರೆ ಮಂಡಿ ಕುಸಿಯುತ್ತಿತ್ತು. ಜೋರಾಗಿ ನಗು ಬಂದರೆ ದವಡೆ ಜೋಲುಬಿದ್ದು, ಕೈಯಲ್ಲಿದ್ದದ್ದು ಜಾರಿ, ನಿಂತಲ್ಲೇ ಕುಸಿದುಬಿಡುತ್ತಿದ್ದ. ಉಳಿದ ಹೊತ್ತೆಲ್ಲ ನಿದ್ದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಉಣ್ಣಲು ಕೂತಾಗ, ಮಾತಿನ ನಡುವೆ. ನಮ್ಮೂರು ಹೆಮ್ಮರಗಾಲದಲ್ಲಿ ಅವನನ್ನು ಕುಂಭಕರ್ಣ ಎನ್ನದೆ ಹೆಸರು ಹಿಡಿದು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ನಾನೂ ಕುಂಭಕರ್ಣ ಎಂದೇ ಕರೆದಿದ್ದೇನೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಇದು ಸೋಮಾರಿತನವಲ್ಲ, ಕಾಯಿಲೆ ಎಂದು ಹೇಳಿ, ಎಚ್ಚರವಾಗಿಡುವ ಮಾತ್ರೆ ಬರೆದುಕೊಟ್ಟಾಗ ಅವನಿಗೆ ಇಪ್ಪತ್ತಾರು ವರ್ಷ. ತೊಂಬತ್ತರ ದಶಕದ ನಡುವಿನ ಮಾತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನಂಜನಗೂಡಿನಲ್ಲಿ ಅದು ಸಿಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಚೀಟಿ ಹಿಡಿದು ಮೈಸೂರಿಗೆ ಹೋಗಬೇಕಿತ್ತು. ಮೊದಲ ವಾರ ಅಣ್ಣ ಒಂದು ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮಡಿಸಿಟ್ಟ. ‘ಪೂರ್ತಿ ಓದ್ದೆ ಕಣವ್ವ’ ಅಂದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಿ. ನರಸೀಪುರದ ಹತ್ತಿರ ನಮ್ಮ ಸೋದರಮಾವನ ಆಲೆಮನೆಯಿತ್ತು. ಅಣ್ಣ ಅಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸಕ್ಕೆ ಸೇರಿದ. ತಿರುಗುವ ಉರುಳೆಗಳ ಬಾಯಿಗೆ ಎರಡೆರಡು ಜಲ್ಲೆ ಒಡ್ಡಿ, ಅವು ಕಚ್ಚಿದ ಕೂಡಲೇ ಕೈ ಬಿಡಬೇಕು. ಮಿಷನ್ನಿನ ಹತ್ತಿರ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರು. ಆ ಮಾತನ್ನು ನಾವು ಮಾವನಿಗೆ ತಿಳಿಸಲಿಲ್ಲ. ತಿಳಿಸಿದರೆ ಕೆಲಸ ಹೋಗುತ್ತಿತ್ತು.

ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಚೀಟಿ, ಮಾತ್ರೆ ಎಲ್ಲ ನನ್ನ ಸುಪರ್ದಿಗೆ ಬಂದಿದ್ದವು. ಕಬ್ಬಿನ ಕಾಲದ ಒಂದು ತಿಂಗಳು ಮಾತ್ರೆಗಳು ಬಲು ಬೇಗ ಮುಗಿದುಹೋದವು. ಕೇಳಿದರೆ ‘ನೀರ್ಗೆ ಬಿದ್ದೋಯ್ತು’ ಅಂದ. ಸುಳ್ಳೆಂದು ಗೊತ್ತಾಯಿತು. ಮಾತ್ರೆ ಇಲ್ಲದ ಆ ದಿನಗಳಲ್ಲಿ ಅವನು ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದ. ಕವಲಂದೆಯ ನಮ್ಮ ದೊಡ್ಡಪ್ಪ ಬೆಳಗಿನ ಸಾರಾಯಿ ಬೀಳುವವರೆಗೆ ಹೀಗೇ ಬಿದ್ದಿರುತ್ತಿದ್ದದ್ದನ್ನು ನಾನು ನೋಡಿದ್ದೆ. ಹೇಳಿದ್ದಕ್ಕಿಂತ ಹೆಚ್ಚು ನುಂಗುವುದು, ಸುಳ್ಳು ಹೇಳುವುದು, ಇಲ್ಲದಿದ್ದರೆ ಏಳಲಾಗದಿರುವುದು. ನನಗೆ ಅಷ್ಟು ಸಾಕಾಯಿತು. ‘ಅವ್ವ, ಅಣ್ಣಂಗೆ ಇದು ಚಟ ಆಗದೆ’ ಎಂದೆ. ಓದಿದವಳು ಹೇಳಿದ ಮಾತು ಎಂದು ಅವ್ವ ಅಣ್ಣನಿಗೆ ಹೇಳುವ ಮೊದಲು ಮಾವನಿಗೆ ಹೇಳಿಕಳಿಸಿದಳು.

ಮಾವ ಬಂದು ಜಗುಲಿಯ ಮೇಲೆ ಕೂತ. ‘ಕುಡುಕಂಗೂ ಇವ್ನ್ಗೂ ಏನವ್ವ ಯತ್ಯಾಸ? ಅವ್ನು ಕುಡ್ದು ಬೀಳ್ತನೆ, ಇವ್ನು ನುಂಗ್ದಿದ್ರೆ ಬೀಳ್ತನೆ. ಬೆಟ್ಟ ಅತ್ಸುಬುಡು.’

ನಮ್ಮ ಕಡೆ ಕುಡುಕರನ್ನು ಮುಡುಕುತೊರೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ದೇವರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿಸುತ್ತಾರೆ. ಮುರಿದರೆ ಮನೆಗೇ ಕೇಡು. ಎಷ್ಟೋ ಜನ ಮುರಿಯುತ್ತಾರೆ. ಅಣ್ಣ ಮುರಿಯುವವನಲ್ಲ ಎಂಬುದು ನಮಗೆ ಗೊತ್ತಿತ್ತು, ಅದಕ್ಕೇ ಕರೆದುಕೊಂಡು ಹೋದೆವು. ಮೆಟ್ಟಿಲು ಹತ್ತುವಾಗ ಅವನು ನನ್ನನ್ನು ಕೇಳಿದ:

‘ನೀ ಓದ್ದೋಳು. ಇದು ಚಟವೇ ಅಂತೀಯಾ?’

‘ಇಲ್ದಿದ್ರೆ ಇರಕ್ಕೇ ಆಗಲ್ಲ ಅಂದ್ರೆ ಇನ್ನೇನಣ್ಣ?’

ಅವನು ಉಳಿದ ಮೆಟ್ಟಿಲು ಹತ್ತಿ ದೇವರ ಮುಂದೆ ನಿಂತ. ಬಲಗೈ ಚಾಚಿ ಕರ್ಪೂರ ಆರಿಸಿದ. ಹೊಸದಾಗಿ ತಂದಿದ್ದ ಮಾತ್ರೆಗಳನ್ನು ನಾನೇ ತಿಪ್ಪೆಗೆ ಎಸೆದೆ.

ಹನ್ನೊಂದು ದಿನ ಅವನು ಮಲಗಿದ. ಮುದ್ದೆ ಮುರಿಯುತ್ತ ಮಲಗಿದ, ಹಜಾಮತಿಗೆ ಕೂತಲ್ಲಿ ಮಲಗಿದ. ‘ಮತ್ತು ಇಳೀತಾ ಅದೆ, ಮಲಗ್ಲಿ ಬುಡು’ ಎಂದು ಅವ್ವ ನೆಮ್ಮದಿಯಿಂದ ಹೇಳಿದಳು. ನಾನೂ ಹೂಂಗುಟ್ಟಿದೆ.

ಹನ್ನೆರಡನೆಯ ದಿನ ಮಾವ ಅವನನ್ನು ಕೆಲಸಕ್ಕೆ ಕರೆಸಿಕೊಂಡ. ಬೆಲ್ಲ ತರಲೆಂದು ನಾನೂ ಜೊತೆಗೆ ಹೋದೆ. ಬೆಳಗಿನ ಹನ್ನೊಂದು ಗಂಟೆ ಇರಬಹುದು. ಅಣ್ಣ ಕಬ್ಬು ಕೊಡುತ್ತಿದ್ದ; ನಾನು ಅವನಿಂದ ಒಂದು ತೋಳಿನಷ್ಟು ದೂರದಲ್ಲಿ, ಪಾತ್ರೆಗೆ ಕಬ್ಬಿನ ಹಾಲು ಹಿಡಿಯಲು ನಿಂತಿದ್ದೆ. ಕೊಪ್ಪರಿಗೆಯ ಕಡೆಯಿಂದ ಮಾವ ಕೂಗಿದ:

‘ಲೋ ಕುಂಭಕರ್ಣ, ನೆನ್ನೆ ನಿನ್ನ ಕೇಳ್ಕೊಂಡು ಎಣ್ಣಿನ ಕಡೇರು ಬಂದಿದ್ರು ಕಣ್ಲಾ. ಗಂಡು ಎಲ್ಲವ್ನೆ ಅಂದ್ರು. ಗೊರ್ಕೆ ಇಡ್ಕೊಂಡೇ ಓಗಿ, ಸಿಕ್ತನೆ ಅಂದೆ.’

ಅಣ್ಣ ನಕ್ಕ.

ದವಡೆ ಜೋಲುವುದನ್ನು ನಾನು ಕಂಡೆ. ದವಡೆ ಜೋತ ಮೇಲೆ ಮಂಡಿ ಕುಸಿಯುವುದಕ್ಕೆ ಸ್ವಲ್ಪ ಹೊತ್ತು ಇರುತ್ತದೆ. ಮನೆಯಲ್ಲಿ ನಾವು ಅಷ್ಟರಲ್ಲಿ ಓಡಿ ಹೋಗಿ ರಟ್ಟೆ ಹಿಡಿಯುತ್ತಿದ್ದೆವು. ಅದು ನಮಗೆಲ್ಲ ರೂಢಿ. ಆ ದಿನ ನಾನು ಹಿಡಿಯಲಿಲ್ಲ. ಚಟ ಬಿಡುವವರು ಹೀಗೆಲ್ಲ ಆಟ ಕಟ್ಟುತ್ತಾರೆ, ಕನಿಕರ ತೋರಿಸಬಾರದು ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ಅದು ನೆನಪಾಗಿ ಕೈ ತಡೆಯಿತು. ಅವನ ಎದೆ ಕಬ್ಬಿನ ಹಲಗೆಯ ಮೇಲೆ ಬಿತ್ತು, ಬಲಗೈ ಜಲ್ಲೆಗಳ ಜೊತೆಯಲ್ಲೇ ಮುಂದೆ ಹೋಯಿತು. ಈ ಕಾಯಿಲೆಯಲ್ಲಿ ಮೈ ಬೀಳುತ್ತದೆ, ಎಚ್ಚರ ತಪ್ಪುವುದಿಲ್ಲ. ಅವನ ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ಕಬ್ಬು ಮುರಿಯುವ ಸದ್ದಿಗೂ ಆ ಸದ್ದಿಗೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಮಾವ ಓಡಿಬಂದು ಎಂಜಿನ್ನಿನ ಬೆಲ್ಟು ಬೀಳಿಸುವಷ್ಟರಲ್ಲಿ ನಾಲ್ಕು ಬೆರಳು, ಅರ್ಧ ಅಂಗೈ ಹೋಗಿತ್ತು.

ಗಾಯ ಮಾಗಿದ ಮೇಲೆ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ಕೈಯನ್ನು ನೋಡಿ, ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ನಾನು ಚಟದ ಮಾತೆತ್ತಿದೆ.

‘ಮಾತ್ರೆ ಇಲ್ಲದೆ ಬೀಳ್ತಾನೆ ಅಂತ ಚಟ ಅಂದ್ರಾ? ಮಾತ್ರೆ ಕಣ್ಣಲ್ಲೂ ನೋಡೋಕೆ ಮುಂಚೆಯೂ ಬೀಳ್ತಿದ್ದನಲ್ಲಮ್ಮ.’

ಇಷ್ಟು ಸಣ್ಣ ವಿಷಯ ಒಬ್ಬ ಪದವೀಧರೆಗೆ ಹೊಳೆದಿರಲಿಲ್ಲ. ಆದರೂ ಹೆಚ್ಚು ನುಂಗಿದ್ದನಲ್ಲ ಎಂದೆ. ‘ಅದು ತಪ್ಪೇ. ಬೆಳೆಯೋಕೆ ಬಿಟ್ಟಿದ್ರೆ ಚಟವೂ ಆಗ್ತಿತ್ತೇನೋ. ಯಾಕೆ ನುಂಗಿದ ಅಂತ ಕೇಳಿದ್ರಾ?’ ನಾನು ಕೇಳಿರಲಿಲ್ಲ. ಅವರೇ ಅವನ ಕಡೆ ತಿರುಗಿದರು.

‘ಮಾವ ಎಲ್ಡು ಪಾಳಿ ಮಾಡುಸ್ತಿದ್ರು ಮೇಡಂ. ಸಂಜೆ ಗಂಟ ಎಲ್ಡು ಮಾತ್ರೆ ಸಾಲ್ತಿರ್ನಿಲ್ಲ. ನಿದ್ದೆ ಬಂದು ಗಾಣಕ್ಕೆ ಕೈ ಕೊಟ್ಬುಟ್ಟೇನು ಅಂತ ಭಯ.’

ಕೈ ಉಳಿಸಿಕೊಳ್ಳಲು ನುಂಗಿದ ಮೂರನೆಯ ಮಾತ್ರೆ ಅದು. ಅದನ್ನು ಹಿಡಿದೇ ನಾನು ಅವನನ್ನು ಬೆಟ್ಟ ಹತ್ತಿಸಿದ್ದೆ. ಮಾವ ಆಮೇಲೆ ಊರಲ್ಲೆಲ್ಲ ‘ನಮ್ ಉಡ್ಗಿ ಓದಿ ಯೋಳ್ತು, ನಾ ಏನ್ ಮಾಡನ’ ಎಂದು ಹೇಳಿಕೊಂಡು ತಿರುಗಿದ. ಸುಳ್ಳೇನಲ್ಲ.

ಮತ್ತೆ ಮಾತ್ರೆ ತಂದೆವು. ಅಣ್ಣ ಮುಟ್ಟಲಿಲ್ಲ. ‘ಕರ್ಪೂರ ಆರ್ಸಿವ್ನಿ. ಆಣೆ ಆಣೆನೇ’ ಅಂದ. ತಪ್ಪುಕಾಣಿಕೆ ಹಾಕಿ ಬಿಡಿಸೋಣವೆಂದರೂ ಒಪ್ಪಲಿಲ್ಲ. ಕೊನೆಗೆ ಅವ್ವ ಮಾತ್ರೆಯನ್ನು ಅರೆದು ಬೆಳಗಿನ ಕಾಫಿಗೆ, ಮಧ್ಯಾಹ್ನದ ಮಜ್ಜಿಗೆಗೆ ಹಾಕತೊಡಗಿದಳು, ಮುರಿದ ಪಾಪ ತನಗೆ ಬರಲಿ ಎಂದು. ಯಾರೂ ಅವನಿಗೆ ಹೇಳಲಿಲ್ಲ. ಅವನಿಗೆ ಗೊತ್ತಿಲ್ಲದೆಯೂ ಇರಲಿಲ್ಲ.

ಅವ್ವ ಹೋಗಿ ಕೆಲವು ವರ್ಷಗಳಾದವು. ನಾವೀಗ ನಂಜನಗೂಡಿನಲ್ಲಿದ್ದೇವೆ. ಅಣ್ಣ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಾನೆ, ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮಧ್ಯಾಹ್ನದ ಬೆಲ್ಲು ಹೊಡೆದ ಕೂಡಲೇ ಮಾತ್ರೆ ಅರೆದು ಹಾಕಿದ ಮಜ್ಜಿಗೆ ಹಿಡಿದು ಬೂತಿಗೆ ಓಡುತ್ತೇನೆ. ನಾನು ಒಂದು ದಿನವೂ ಊರು ಬಿಟ್ಟು ಹೋಗುವಂತಿಲ್ಲ. ಮಾತ್ರೆಗೆ ಅಂಟಿದ್ದಾನೆಂದು ಹೆದರಿ ಬಿಡಿಸಿದೆವು. ಈಗ ಅವನು ನನ್ನ ಕೈಯ ಲೋಟ ಬರದೆ ಎಚ್ಚರವಾಗಿರಲಾರ. ಇದಕ್ಕೆ ಏನೆಂದು ಹೆಸರಿಡಬೇಕೋ ನನಗೆ ತಿಳಿಯದು.

ಮೊನ್ನೆ ಮಜ್ಜಿಗೆ ಕೊಡುತ್ತ ಕೇಳಿದೆ: ‘ನೀನೇ ನುಂಗ್ಬಾರ್ದಾ ಅಣ್ಣ? ಎಷ್ಟ್ ವರ್ಷ ಆಯ್ತು.’

‘ನೀನೇ ಆಕು,’ ಅಂದ. ‘ಬುಡುಸ್ದೋಳು ನೀನೇ ಅಲ್ವಾ.’

ಎಡಗೈಯಲ್ಲಿ ಲೋಟ ತೆಗೆದುಕೊಂಡು, ಕೊನೆಯ ಗುಟುಕಿನವರೆಗೂ ಕುಡಿದ.