ಸೋರುವುದಲ್ಲ, ಒಸರುವುದು

ಗದಗಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಹೇಳಿದ ಗೌರಾದೇವಿಯವರಿಗೆ ಪರದೇಶದ ವುಡಿನ್‌ವಿಲ್‌ನಲ್ಲಿದ್ದ ಮಗಳ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಪಾಠ ಕೇಳುವವರನ್ನು ಬಿಟ್ಟು. ಅಳಿಯ ಅವರ ರೊಟ್ಟಿಯನ್ನು ಬಾಯ್ತುಂಬ ಹೊಗಳುತ್ತಿದ್ದ. ತಾವು ಬರೀ ರೊಟ್ಟಿ ಬಡಿಯುವವರೇ ಎಂದು, ಆ ಹೊಗಳಿಕೆ ಕೇಳಿದಾಗಲೆಲ್ಲ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ತಾವೇ ಕನ್ನಡ ಕೂಟದ ಕಾರ್ಯದರ್ಶಿ ಚಂದ್ರಶೇಖರ್‌ಗೆ ಫೋನ್ ಮಾಡಿದರು. ಕನ್ನಡದಲ್ಲಿ ಫಿಸಿಕ್ಸ್ ಅಂದರೆ ಜನ ಎದ್ದು ಹೋಗುತ್ತಾರೆ ಎಂದು ಆತ ರಾಗ ಎಳೆದ. ಕೂಟದ ಸಭೆಯಲ್ಲಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಕೊಡುತ್ತೇನೆ, ಜನ ಕೂತರೆ ತಿಂಗಳಿಗೊಂದು ಪಾಠ ನಿಮ್ಮದೇ, ಏಳುವಂತಿದ್ದರೆ ಅಲ್ಲಿಗೆ ಮುಗಿಯಿತು ಎಂದ.

ಟೋಟೆಮ್ ಲೇಕ್‌ನ ಸಭಾಂಗಣದಲ್ಲಿ ನಲವತ್ತು ಜನ, ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತಿನ ಘಮ. ನ್ಯೂಟ್ರಾನ್ ನಕ್ಷತ್ರ ಇಲ್ಲಿಂದ ಹತ್ತಿರದೂರು ಕೆಂಟ್‌ವರೆಗೂ ಇಲ್ಲದಷ್ಟು ಚಿಕ್ಕದು, ಅಡ್ಡಳತೆ ಇಪ್ಪತ್ತು ಕಿಲೋಮೀಟರಿನಷ್ಟು, ಆದರೂ ಸೂರ್ಯನಿಗಿಂತ ಭಾರ ಎಂದು ಗೌರಾದೇವಿ ಶುರುಮಾಡಿದರು. ಅದರ ತೊಗಟೆಯ ಆಳದಲ್ಲಿ ಒತ್ತಡ ಎಷ್ಟೆಂದರೆ, ಪರಮಾಣುವಿನ ಬೀಜಗಳಿಗೆ ತಮ್ಮ ನ್ಯೂಟ್ರಾನ್‌ಗಳನ್ನೇ ಹಿಡಿದಿಡಲು ಆಗುವುದಿಲ್ಲ.

"ಆವಾಗ ನ್ಯೂಟ್ರಾನ್ ಸೋರ್ತಾವ್ರಿ," ಎಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಜವರಮ್ಮ ತಲೆಯೆತ್ತಿದರು. ಮಂಡ್ಯ ಕಡೆಯವರು, ಚಂದ್ರಶೇಖರನ ತಾಯಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಸೋರೋದ್ರೆ ನಕ್ಷತ್ರ ಬರಿದಾಗಾಕಿಲ್ವೇನವ್ವ?"

ಯಾರೋ ನಕ್ಕರು. ಗೌರಾದೇವಿ ಬೋರ್ಡಿನ ಮೇಲೆ ತಾವು ಬರೆದಿದ್ದ 'ಸೋರು' ಪದದತ್ತ ತಿರುಗಿದರು. ಮೂವತ್ತೊಂದು ವರ್ಷ ಅದೇ ಪದ ಹೇಳಿದ್ದರು, ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ. ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಬೀಜ ಬಿಟ್ಟ ನ್ಯೂಟ್ರಾನ್ ನಕ್ಷತ್ರವನ್ನು ಬಿಡುವುದಿಲ್ಲ, ಬೀಜಗಳ ಸಂದಿಯಲ್ಲೇ ತುಂಬಿಕೊಂಡು ಯಾವ ತಡೆಯೂ ಇಲ್ಲದೆ ಹರಿದಾಡುತ್ತದೆ ಎಂದು ಬಿಡಿಸಿ ಹೇಳಿದರು.

"ಹಂಗಾದ್ರೆ ಅದು ಒಸರೋದು," ಎಂದರು ಜವರಮ್ಮ. "ನಮ್ಮ ಬಾವೀಲಿ ಕಲ್ಲಿನ ಸಂದೀಲಿ ನೀರು ಒಸರ್ತಿತ್ತು. ಬಾವಿ ಬುಟ್ಟು ಎಲ್ಲೂ ಹೋಗ್ತಿರ್ಲಿಲ್ಲ."

ಗೌರಾದೇವಿಯವರಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಬೋರ್ಡಿನ ಮೇಲಿದ್ದ 'ಸೋರು' ಅಳಿಸಿ ದೊಡ್ಡದಾಗಿ 'ಒಸರು' ಎಂದು ಬರೆದರು. ಇನ್ನೂ ಆಳಕ್ಕಿಳಿದರೆ ಉಂಡೆಯಂಥ ಬೀಜಗಳು ಒತ್ತಿಕೊಂಡು ಶಾವಿಗೆಯಂತೆ ಎಳೆಯಾಗುತ್ತವೆ, ಆಮೇಲೆ ರೊಟ್ಟಿಯಂತೆ ಹಾಳೆಯಾಗುತ್ತವೆ ಎಂದಾಗ ಹಿಂದಿನ ಸಾಲಿನಲ್ಲಿದ್ದ ಅಳಿಯನೂ ಬೆನ್ನು ನೆಟ್ಟಗೆ ಮಾಡಿ ಕೂತ.

ಅಷ್ಟರಲ್ಲಿ ಚಂದ್ರಶೇಖರ್ ಎದ್ದು ನಿಂತು ಗಡಿಯಾರ ತೋರಿಸಿದ. ಊಟ ಆರುತ್ತಿದೆ ಎಂದ.

"ಕೂತ್ಕೊಳ್ಳೋ ಚಂದ್ರು," ಎಂದರು ಜವರಮ್ಮ. "ಅನ್ನ ಎಲ್ಲೂ ಸೋರೋಗಾಕಿಲ್ಲ."

ಅವನು ಕೂತ. ಒಬ್ಬರೂ ಏಳಲಿಲ್ಲ. ಗೌರಾದೇವಿ ಮಾರ್ಕರ್ ಎತ್ತಿಕೊಂಡರು. ಮುಂದಿನ ತಿಂಗಳ ಪಾಠದಲ್ಲೂ ಅದು ಅವರ ಕೈಯಲ್ಲೇ ಇತ್ತು.