ಮೊದಲು ಸಹಿ ಬೀಳಲಿ

ತಿರುವನಂತಪುರದ ಪಟ್ಟಂನಲ್ಲಿ ನಮ್ಮ ನೆರೆಯವರು ಕಾಸರಗೋಡಿನವರು, ಕಾನೂನು ಇಲಾಖೆಯ ಗುಮಾಸ್ತರು. ಮಗಳ ಮದುವೆ ಗೊತ್ತಾಯಿತೇ ಎಂದು ಕೇಳಿದರೂ, ಕೊಡೆಯ ತುದಿಯಿಂದ ನೆಲ ಕುಟ್ಟಿ, "ಮೊದಲು ಸಹಿ ಬೀಳಲಿ ಮಾರಾಯ್ರೇ" ಅನ್ನುತ್ತಿದ್ದರು.

ಪರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರನ್ನು ಎಬ್ಬಿಸಬಾರದೆಂಬ ಮಸೂದೆ ವಿಧಾನಸಭೆಯಲ್ಲಿ ಪಾಸಾದಾಗ ನಮಗೆ ಹಾಲು ತರುವ, ಎಲ್ಲರೂ ಚೇಚಿ (ಅಕ್ಕ) ಎಂದು ಕರೆಯುವ ಹೆಂಗಸು ಕುಣಿದಾಡಿದಳು. ಜಾಗದ ಯಜಮಾನ ಅವಳಿಗೆ ಹೊರಡಲು ಹೇಳಿದ್ದ.

"ಇದನ್ನು ರಾಜ್ಯಪಾಲರು ರಾಷ್ಟ್ರಪತಿಗೆ ಕಳಿಸ್ತಾರೆ. ಅವರು ಒಪ್ಪದಿದ್ರೆ ಮಸೂದೆ ಅಲ್ಲಿಗೇ ಬಿತ್ತು. ತಿರುಗಿ ಕಳಿಸಿದ್ದನ್ನು ವಿಧಾನಸಭೆಯವರು ಮತ್ತೆ ಪಾಸು ಮಾಡಿದ್ರೂ ಅವರು ಒಪ್ಪಲೇಬೇಕೆಂದಿಲ್ಲ" ಎಂದರು ನೆರೆಯವರು.

"ಈ ಸಾರ್ ಬಾಯಲ್ಲಿ ಒಳ್ಳೇ ಮಾತೇ ಬರೋದಿಲ್ಲ!" ಎಂದು ಚೇಚಿ ಮುಖ ತಿರುಗಿಸಿದಳು.

ಒಂದು ಸಂಜೆ ನೆರೆಯವರು ಬಸ್ಸಿಳಿದು ತಮ್ಮ ಮನೆ ದಾಟಿ ನೇರ ಅವಳ ಗುಡಿಸಲಿಗೆ ನಡೆದರು. "ರಾಷ್ಟ್ರಪತಿ ಸಹಿ ಬಿತ್ತು ಚೇಚೀ. ಇನ್ನು ನಿಮ್ಮನ್ನು ಯಾರೂ ಎಬ್ಬಿಸ್ಲಿಕ್ಕಿಲ್ಲ."

"ಹಾಗಾದ್ರೆ ಏಣಿ ಹಿಡೀರಿ ಸಾರೇ. ಬಿಟ್ಟುಹೋಗುವ ಮನೆಗೆ ಯಾಕೆಂದು ಮಾಡಿಗೆ ಹೊಸ ತೆಂಗಿನ ಓಲೆ ಹೊದಿಸಿರಲಿಲ್ಲ."

ಆಫೀಸಿನ ಬಟ್ಟೆಯಲ್ಲೇ ಅವರು ಏಣಿ ಹಿಡಿದು ನಿಂತರು.