ಗಣಪತಿಗಿಂತ ಮೇಲಿನ ಲೈನು

ಹೋದ ಸೋಮವಾರ ಮಹಾಪೆಯ ಒಂದು ಆಫೀಸಿನ ಪ್ರೊಜೆಕ್ಟರ್ ಮೇಲೆ ಗಣಪತಿ ಪ್ರತ್ಯಕ್ಷನಾದ. ಹಿಂದೆಯೇ ಒಂದು ವಾರ್ನಿಂಗ್ ಬಂತು. ಮೊದಲನೆಯದಕ್ಕೆ ನನ್ನ ಮಾವ ಕಾರಣ. ಎರಡನೆಯದಕ್ಕೆ ಮೊದಲನೆಯದು.

ಮಾವನದು ಡೊಂಬಿವಿಲಿಯಲ್ಲಿ ಕೇಟರಿಂಗ್. ಆ ಕಂಪೆನಿಗೆ ದಿನಾ ಮಧ್ಯಾಹ್ನದ ಡಬ್ಬಾ ಕೊಡೋ ಕಾಂಟ್ರ್ಯಾಕ್ಟ್ ಸಿಕ್ಕರೆ ಅಡುಗೆಮನೆ ಉಳಿಯುತ್ತೆ. ಇಲ್ಲದಿದ್ರೆ ಬೀಗ. ಕಂಪೆನಿಯವರು ಕೇಳಿದ್ದು ಇಷ್ಟೇ: ಸ್ಟಾಫು ವೆಬ್‌ಸೈಟಲ್ಲಿ ಲಾಗಿನ್ ಆಗಿ ಊಟ ಆರಿಸಬೇಕು. ಇಂಥ ಸೈಟು ಬರೆಯೋ ಭಾಷೆ ಪಿಎಚ್‌ಪಿ. ಹಾಗಾಗಿ ದೇಶದ ಪ್ರಮುಖ ಪಿಎಚ್‌ಪಿ ತಜ್ಞರನ್ನು ಕರೆಸಲಾಯ್ತು. (ನಾನು. ಹನ್ನೊಂದನೇ ಕ್ಲಾಸು. ಅದೇ ಬಿಲ್ಡಿಂಗಿನ ಎರಡನೇ ಮಾಳಿಗೆಯಿಂದ ಇಳಿದು ಬಂದೆ.)

ಸೈಟು ಚೆನ್ನಾಗೇ ಓಡ್ತಿತ್ತು. ಭಾನುವಾರ ಮಾವ ನೋಡಿ ಕೇಳಿದ್ರು, "ದೇವರೆಲ್ಲಿ ಮಾರಾಯ?"

"ಕೆಳಗೆ ಹಾಕ್ಲಾ?"

"ಕೆಳಗಾ! ಮದುವೆ ಕಾಗದದಲ್ಲಿ ಗಣಪತಿಯನ್ನು ಕೆಳಗೆ ಹಾಕಿದ್ದು ನೋಡಿದ್ದುಂಟಾ? ಎಲ್ಲಕ್ಕಿಂತ ಮೇಲೆ ಬರ್ಬೇಕು."

ಸೈಟಿನ ಎಲ್ಲಾ ಕೋಡ್ ಫೈಲುಗಳ ನೆತ್ತಿ ಮೇಲೂ 'ಶ್ರೀ ಗಣೇಶಾಯ ನಮಃ' ಬರೆದೆ. ಟೆಸ್ಟ್ ಮಾಡಲಿಲ್ಲ. ದೇವರನ್ನು ಯಾರಾದ್ರೂ ಟೆಸ್ಟ್ ಮಾಡ್ತಾರಾ?

ಸೋಮವಾರ ಅಡ್ಮಿನ್ ಮ್ಯಾನೇಜರ್ ಎದುರಲ್ಲಿ ಲಾಗಿನ್ ಒತ್ತಿದೆ. 'ಹೆಡರ್ಸ್ ಆಲ್ರೆಡಿ ಸೆಂಟ್' ಅಂತ ವಾರ್ನಿಂಗ್ ಬಂತು. ಮೆನು ಬರಲೇ ಇಲ್ಲ.

ವಿಷಯ ಸುಲಭ. ಲಾಗಿನ್ ಆದವರನ್ನು ಮೆನು ಪೇಜಿಗೆ ಕಳಿಸೋದು ಹೆಡರ್. ಲೋಕಲ್ ಟ್ರೇನ್ ಸ್ಟೇಷನ್ನಿನ ಇಂಡಿಕೇಟರ್ ಬೋರ್ಡ್ ಥರ, ಗಾಡಿ ಎಲ್ಲಿಗೆ ಅಂತ ಅದು ಮೊದಲೇ ಹೇಳಬೇಕು. ಪೇಜಿನ ಒಂದೇ ಅಕ್ಷರ ಹೊರಬಿದ್ರೂ ಗಾಡಿ ಬಿಟ್ಟ ಹಾಗೆ. ಆಮೇಲೆ ಬೋರ್ಡಲ್ಲಿ 'ಕಲ್ಯಾಣ' ತೆಗೆದು 'ಠಾಣೆ' ಅಂತ ಹಾಕಿದ್ರೆ ಗಾಡಿ ತಿರುಗುತ್ತಾ? ನಮ್ಮ ಗಣಪತಿ ಹೆಡರಿಗಿಂತ ಮೊದಲೇ ಹೊರಟುಬಿಟ್ಟಿದ್ದ.

"ಮಾವ, ಆ ಲೈನು ತೆಗಿತೇನೆ."

ಮಾವ ನನ್ನ ಮಣಿಕಟ್ಟು ಹಿಡಿದ್ರು. "ಕಾಂಟ್ರ್ಯಾಕ್ಟ್ ಹೋದ್ರೆ ಹೋಗ್ಲಿ. ಗಣಪತಿಯನ್ನು ಮುಟ್ಟಿದ್ರೆ ಜಾಗ್ರತೆ!"

ಮ್ಯಾನೇಜರ್ ವಾಚ್ ನೋಡಿದ್ರು. ಇಂಥ ಹೊತ್ತಲ್ಲಿ ಮೇಧಾವಿಗಳು ಏನು ಮಾಡ್ತಾರೆ? ಫೈಲುಗಳ ಮೊದಲ ಸಾಲಲ್ಲಿ, ಗಣಪತಿಗೂ ಮೇಲೆ, ob_start() ಅಂತ ಬರೆದೆ. ಎಲ್ಲರೂ ಹತ್ತೋ ತನಕ ಅದು ಗಾಡಿ ಬಿಡಲ್ಲ. ಲಾಗಿನ್ ಆಯ್ತು. ಮೆನು ಬಂತು. ನೆತ್ತಿ ಮೇಲೆ ಗಣಪತಿ.

ಮಾವ ಕೋಡ್ ನೋಡಿ ಪಿಸುಗುಟ್ಟಿದ್ರು, "ಗಣಪತಿಗಿಂತ ಮೇಲೆ ಅದ್ಯಾರೋ?"

"ದೇವಸ್ಥಾನದ ಹೊರಗೆ ಚಪ್ಪಲಿ ಕಾಯ್ತಾನಲ್ಲ, ಅವನು."

"ಹಾಂ, ಅವ ಬೇಕು."

ಮ್ಯಾನೇಜರ್ ಖುಷಿಯಾದ್ರು. "ಒಂದನೇ ತಾರೀಕಿಂದ ಡಬ್ಬಾ ಕಳಿಸಿ," ಅಂದ್ರು ಹಿಂದಿಯಲ್ಲಿ. "ಒಂದೇ ಕಂಡೀಷನ್. ಪೇಜಲ್ಲಿ ಎಲ್ಲಕ್ಕಿಂತ ಮೇಲೆ ನಮ್ಮ ಕಂಪೆನಿ ಲೋಗೋ ಇರಬೇಕು."

ಕಾಂಟ್ರ್ಯಾಕ್ಟ್ ಕಥೆ ಮುಗೀತು ಅಂದ್ಕೊಂಡೆ. ಎದ್ದು ಹೊರಡೋಕೆ ಬ್ಯಾಗನ್ನೂ ಹೆಗಲಿಗೇರಿಸಿದೆ. ಮಾವ ಮೇಜಿನ ಮೇಲಿದ್ದ ನೀರು ಪೂರ್ತಿ ಕುಡಿದ್ರು. ಲೋಟ ಕೆಳಗಿಟ್ರು.

"ಹಾಕು ಮಾರಾಯ. ಗಣಪತಿ ಅಡ್ಜಸ್ಟ್ ಮಾಡ್ಕೊಳ್ತಾನೆ."

ಲೋಗೋ ಹಾಕಿದೆ. ಕಾಂಟ್ರ್ಯಾಕ್ಟಿಗೆ ಸೈನ್ ಆಯ್ತು.

ಅಂದ ಹಾಗೆ, ನಿಮ್ಮನೆ ದೇವರು ಎಷ್ಟನೇ ಲೈನಲ್ಲಿದ್ದಾನೆ?